ಉಳ್ಳಾಗಡ್ಡಿ ಗಾಡಿಯ ಮೈಕು

ಜೀನ್ಸ್ ಪ್ಯಾಂಟಿನ ಬಲಜೇಬಿನೊಳಗೆ
ಇನ್ನೊಂದು ಸಣ್ಣ ಜೇಬಿರುತ್ತದೆ, ನೋಡಿದ್ದೀರಾ?
ಎರಡು ಬೆರಳು ಹೋಗುವಷ್ಟು.
ಅದನ್ನು ಹೊಲಿಯುವವಳು ನಾನು,
ಬಳ್ಳಾರಿಯ ಕೌಲ್ ಬಜಾರಿನ ಹಿಂದೆ, ತಗಡಿನ ಶೆಡ್ಡಿನಲ್ಲಿ,
ದಿನಕ್ಕೆ ನಾಕುನೂರು ಜೇಬು.
ಅದರೊಳಗೆ ಯಾರು ಏನಿಡುತ್ತಾರೋ ಗೊತ್ತಿಲ್ಲ.
ನಾನಂತೂ ಹನ್ನೊಂದು ವರ್ಷದಿಂದ
ಒಂದನ್ನು ಇಟ್ಟಿದ್ದೇನೆ.

ಯರ್ರೆಮ್ಮ ಕೆಲಸಕ್ಕೆ ಸೇರಿದ್ದು ಯುಗಾದಿ ಕಳೆದ ಮೇಲೆ.
ಜಿಪ್ಪಿನ ಮಷೀನು, ನನ್ನ ಎಡಕ್ಕೆ.
ಶ್ರಾವಣದ ಒಂದು ರಾತ್ರಿ ಶೇರ್ ಆಟೋದಲ್ಲಿ
ಕಿವಿಗೆ ಬಾಯಿಟ್ಟು ಹೇಳಿದಳು:
ಬಟ್ಟೆಯ ಗೋದಾಮು. ಕರೆಂಟು ಹೋಗಿತ್ತು.
ಜನರೇಟರಿನ ಸದ್ದು. ಮೇಸ್ತ್ರಿ.
ನಾನು ಅವಳ ಮೊಣಕಾಲು ಒತ್ತಿ ಹಿಡಿದೆ.
"ಬಿಡವ್ವ. ಯಾರಿಗೂ ಹೇಳಬ್ಯಾಡ.
ಹೊಟ್ಟಿಗೆ ಹಾಕ್ಕೊ."
ಕೈ ತೆಗೆದಾಗ ಅವಳ ಸೀರೆಯ ಮೇಲೆ
ನನ್ನ ಐದು ಬೆರಳು ನೀಲಿಯಾಗಿ ಉಳಿದಿದ್ದವು.
ಈ ಬಣ್ಣ ಹಾಗೇ, ಎಷ್ಟು ತೊಳೆದರೂ.

ಆಮೇಲೆ ಅವಳು ನಾನಿದ್ದ ಆಟೋ ಹತ್ತಲಿಲ್ಲ.

ಶನಿವಾರ, ಬಟವಾಡೆ.
ಓನರು ಮೇಜು ಹಾಕಿ ಕೂತು ನೋಟು ಎಣಿಸುತ್ತಿದ್ದ,
ಪಕ್ಕದಲ್ಲಿ ರಿಜಿಸ್ಟರು ಹಿಡಿದು ಮೇಸ್ತ್ರಿ.
ಯರ್ರೆಮ್ಮನ ಸರದಿ ಬಂತು.
ದುಡ್ಡು ತಗೊಂಡಳು. ಎಣಿಸಿದಳು. ಸಹಿ ಮಾಡಿದಳು.
ಗೇಟು ದಾಟಿ ಹೋದಳು.
ಮುಗಿಯಿತು, ಇನ್ನು ಬರುವುದಿಲ್ಲ ಅಂದುಕೊಂಡೆ.
ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಮಸ್ತಾನನ ತಳ್ಳುಗಾಡಿ.
ದಿನಾ ಅದೇ ರೆಕಾರ್ಡು:
ನೂರಕ್ಕೆ ಐದು ಕೆಜಿ, ನೂರಕ್ಕೆ ಐದು ಕೆಜಿ,
ಬರ್ರಿ ಅಕ್ಕ, ಬರ್ರಿ ಅಮ್ಮ,
ಒಮ್ಮೆಲೇ ನಿಂತಿತು.
ಗೊರಗೊರ. ಆಮೇಲೆ ಒಂದು ಉಸಿರು.

"ನಾನು ಯರ್ರೆಮ್ಮ. ಜಿಪ್ ಹೊಲಿಯಾಕಿ.
ನಮ್ಮಪ್ಪ ಗಾದಿಲಿಂಗಪ್ಪ."

ಮೇಸ್ತ್ರಿಯ ಹೆಸರು ಹೇಳಿದಳು, ಇನಿಷಿಯಲ್ ಸಮೇತ.
ತಾರೀಖು ಹೇಳಿದಳು.
ಗೋದಾಮಿನ ಚಿಲಕ ಎಷ್ಟು ಎತ್ತರದಲ್ಲಿದೆ,
ತನ್ನ ಕೈ ಅದಕ್ಕೆ ಎಷ್ಟು ಸಾಲದು, ಹೇಳಿದಳು.
ಅಳಲಿಲ್ಲ. ಉಳ್ಳಾಗಡ್ಡಿಯ ರೇಟು ಕೂಗಿದ ಹಾಗೆ
ಎಲ್ಲವನ್ನೂ ಎರಡೆರಡು ಸಲ ಹೇಳಿದಳು.

ಚೀಲ ಹಿಡಿದು ಮನೆಯಿಂದ ಹೊರಟಿದ್ದ ಹೆಂಗಸರು
ಚೀಲ ಹಿಡಿದೇ ನಿಂತರು.
"ಆವಾಗ ಯಾಕ ಚೀರಲಿಲ್ಲ?" ಅಂದ
ಚಹಾದಂಗಡಿಯ ಬೆಂಚಿನಿಂದ ಒಬ್ಬ.
ಯರ್ರೆಮ್ಮನ ಬಾಯಿ ಅಲ್ಲೇ ನಿಂತಿತು.
ಮೈಕು ಮಾತ್ರ ಕುಂಯ್ ಅಂತಿತ್ತು.

ಹೊನ್ನೂರಬೀ, ನಮ್ಮಲ್ಲಿ ದಾರ ಕತ್ತರಿಸುವ ಮುದುಕಿ,
ವಾರಕ್ಕೆ ನಾಕು ಮಾತಾಡಿದರೆ ಹೆಚ್ಚು,
ಕೊರಳಿನ ಕತ್ತರಿ ತೂಗಿಸಿಕೊಂಡು ಅವನ ಮುಂದೆ ಹೋದಳು.
"ಚೀರಿದ್ರ ಬರ್ತಿದ್ದೇನು ನೀನು?"
ಅವನು ಗ್ಲಾಸು ನೋಡಿದ.
"ಈಗ ಬಂದೀಯಲ್ಲ. ಕೇಳು."

ಖಾಲಿ ಚೀಲ ರಸ್ತೆಗೆ ಹಾಸಿ
ಒಬ್ಬಳು ಅದರ ಮೇಲೆ ಕೂತಳು.
ಅವಳ ಪಕ್ಕ ಇನ್ನೊಬ್ಬಳು.
ಉಳ್ಳಾಗಡ್ಡಿ ಯಾರೂ ಕೇಳಲಿಲ್ಲ.
ಮಸ್ತಾನ ತಕ್ಕಡಿ ಎತ್ತಿ ಕೆಳಗಿಟ್ಟ.

ಶೆಡ್ಡಿನೊಳಗೆ ಓನರು "ಬಂದ್ ಮಾಡ್ಸೋ ಅದನ್ನ" ಅಂದ.
ಮೇಸ್ತ್ರಿಗೆ ಹೊರಗೆ ಹೋಗಲು ಕಾಲಿರಲಿಲ್ಲ.
ಸಾಲಿನಲ್ಲಿ ನನ್ನ ಮುಂದೆ ಇನ್ನು ಮೂರೇ ಜನ.
ನನ್ನ ವಾರದ ದುಡ್ಡು ರಬ್ಬರ್ ಬ್ಯಾಂಡಿನಲ್ಲಿ
ಮೇಜಿನ ಮೇಲೆ ಕಾಣುತ್ತಿತ್ತು.

ಸಾಲು ಬಿಟ್ಟೆ.

ಗೇಟಿನವರೆಗೆ ಹೋದದ್ದು ನೆನಪಿದೆ.
ಅಲ್ಲೇ ನಿಂತು, ಮೈಕಿಲ್ಲದೆ, ಕೂಗಿದೆ:
"ನನಗ ಹೇಳಿದ್ಲು ಆಕಿ, ಆಟೋದಾಗ, ಶ್ರಾವಣದಾಗ.
ನಾನಾ ಬಾಯಿ ಮುಚ್ಚಿಸ್ದೆ."
ಬೀದಿ ಈಗ ನನ್ನ ಕಡೆ ತಿರುಗಿತು.
"ಯಾಕಂದ್ರ,"
ಅಂದೆ, ಗಂಟಲು ಅಲ್ಲಿಗೆ ಒಣಗಿತು.

ಯರ್ರೆಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು.
ಕ್ಷಮಿಸಿದಳೋ ಇಲ್ಲವೋ, ಈಗಲೂ ಕೇಳಿಲ್ಲ.
ಮೈಕು ನನ್ನ ಕಡೆ ಚಾಚಿದಳು.
ವೈರು ಅಷ್ಟು ದೂರ ಬರಲಿಲ್ಲ.

ಚೀಲದ ಮೇಲೆ ಕೂತವರು ಸರಿದು ದಾರಿ ಬಿಟ್ಟರು.
ಮಸ್ತಾನ ಗಾಲಿಯ ಕಲ್ಲು ಒದ್ದು
ಗಾಡಿಯನ್ನೇ ನನ್ನ ಹತ್ತಿರ ತಳ್ಳಿದ.